ಮನೆಗೆ ಕಳಿಸಿದರೆ ಯಾವ ಸಮಸ್ಯೆ ಬಗೆಹರಿಯಿತು?

ಆಟಿಸಂ, ಎಡಿಎಚ್‌ಡಿ ಅಥವಾ ಕಲಿಕಾ ನ್ಯೂನತೆಯ ಜತೆಗೆ ತೀವ್ರ ಆತಂಕವೂ ಇರುವ ಮಗುವಿನ ತಂದೆತಾಯಿ ನಮ್ಮ ಊರುಗಳ ಶಾಲೆಗಳಲ್ಲಿ ಒಂದಲ್ಲ ಒಂದು ದಿನ ಕೇಳಿಸಿಕೊಳ್ಳುವ ಮಾತು ಇದು: ‘ನಿಮ್ಮ ಮಗು ನಮ್ಮ ಶಾಲೆಗೆ ಹೊಂದಿಕೊಳ್ಳುತ್ತಿಲ್ಲ, ಬೇರೆ ಕಡೆ ನೋಡಿಕೊಳ್ಳಿ.’ ಹೀಗೆ ಹೇಳುವವರೆಲ್ಲ ಕಲ್ಲೆದೆಯವರಲ್ಲ. ಅನೇಕರು ನೊಂದುಕೊಂಡೇ ಹೇಳುತ್ತಾರೆ, ಮಗುವಿಗೂ ಇದೇ ಒಳ್ಳೆಯದೆಂದು ನಂಬಿಯೇ ಹೇಳುತ್ತಾರೆ. ಆದ್ದರಿಂದ ಆ ನಂಬಿಕೆಯ ದುರ್ಬಲ ರೂಪವನ್ನು ಎದುರಿಗಿಟ್ಟುಕೊಂಡು ಗೆದ್ದರೆ ಪ್ರಯೋಜನವಿಲ್ಲ. ಅದರ ಬಲವಾದ ರೂಪ ಹೀಗಿದೆ: ತರಗತಿಯಲ್ಲಿ ನಲವತ್ತು ಮಕ್ಕಳಿದ್ದಾರೆ. ಒಂದು ಮಗು ಕಿರುಚಿದರೆ, ಪುಸ್ತಕ ಎಸೆದರೆ, ಪಕ್ಕದವರನ್ನು ಕಚ್ಚಿದರೆ ಉಳಿದವರ ಪಾಠ ನಿಲ್ಲುತ್ತದೆ, ಅವರಿಗೆ ಪೆಟ್ಟಾಗಲೂಬಹುದು. ಶಿಕ್ಷಕಿಗೆ ಇಂಥ ಮಕ್ಕಳನ್ನು ನೋಡಿಕೊಳ್ಳುವ ತರಬೇತಿ ಇಲ್ಲ. ಆ ಮಗುವೂ ದಿನವಿಡೀ ನರಳುತ್ತಿದೆ. ಹಾಗಿರುವಾಗ ಕೆಲ ದಿನ ಮನೆಯಲ್ಲಿರಿಸುವುದು ಅಥವಾ ತಜ್ಞರಿರುವ ಬೇರೆ ಶಾಲೆಗೆ ಸೇರಿಸುವುದು ಎಲ್ಲರ ಹಿತಕ್ಕೂ ತಕ್ಕ ದಾರಿ. ಈ ವಾದದಲ್ಲಿ ಸುಳ್ಳು ಸಂಗತಿಗಳಿಲ್ಲ. ಪಾಠ ನಿಲ್ಲುವುದು ನಿಜ, ಶಿಕ್ಷಕಿಯ ಅಸಹಾಯಕತೆ ನಿಜ, ಮಗುವಿನ ನರಳಾಟವೂ ನಿಜ. ತಪ್ಪಿರುವುದು ಈ ಸಂಗತಿಗಳಿಂದ ಎಳೆದ ತೀರ್ಮಾನದಲ್ಲಿ.

ಆ ತೀರ್ಮಾನದೊಳಗೆ ಮೂರು ಬೇರೆ ಬೇರೆ ಹೇಳಿಕೆಗಳು ಸೇರಿಕೊಂಡಿವೆ. ಮೂರನ್ನೂ ಒಂದೇ ಉಸಿರಿನಲ್ಲಿ ಹೇಳುವುದರಿಂದ ಒಂದರ ಬಲ ಇನ್ನೊಂದಕ್ಕೂ ಇದೆಯೆಂಬ ಭ್ರಮೆ ಹುಟ್ಟುತ್ತದೆ.

1. ತೊಂದರೆಯ ಮೂಲ ಮಗುವಿನ ಒಳಗಿದೆ.
2. ಮಗುವನ್ನು ಹೊರಗೆ ಕಳಿಸಿದರೆ ತೊಂದರೆ ಕಡಿಮೆಯಾಗುತ್ತದೆ.
3. ಹಾಗೆ ಕಳಿಸುವ ಅಧಿಕಾರ ಶಾಲೆಗಿದೆ.

ಮೊದಲನೆಯದರಿಂದ ಶುರುಮಾಡೋಣ. ವಾದಕ್ಕೆ ಬೇಕಾದಷ್ಟು ಮಟ್ಟಿಗೆ ಎಂಟು ವರ್ಷದ ಒಬ್ಬ ಹುಡುಗನನ್ನು ಊಹಿಸಿಕೊಳ್ಳಿ. ಮಾತು ಬರುತ್ತದೆ, ಲೆಕ್ಕದಲ್ಲಿ ಚುರುಕು, ಆಟಿಸಂ ಇದೆಯೆಂದು ವೈದ್ಯರು ಹೇಳಿದ್ದಾರೆ. ಬೆಳಗ್ಗೆ ಪ್ರಾರ್ಥನೆಯ ಹೊತ್ತಿಗೆ ಧ್ವನಿವರ್ಧಕ ಕಿರ್ರೆಂದಿತು, ಅವನು ಕಿವಿ ಮುಚ್ಚಿಕೊಂಡ. ‘ಕೈ ಇಳಿಸು’ ಎಂದು ಗದರಿದರು. ತರಗತಿಗೆ ಬಂದರೆ ದಿನವೂ ಇರುವ ಟೀಚರ್ ರಜೆ, ಬೇರೆಯವರು ಬಂದಿದ್ದಾರೆ. ಅವರು ಎಲ್ಲರ ಜಾಗ ಬದಲಿಸಿದರು. ಎರಡನೇ ಪೀರಿಯಡ್‌ನಲ್ಲಿ ಎದ್ದು ನಿಂತು ಪಾಠ ಓದಲು ಹೇಳಿದಾಗ ಅವನು ಡೆಸ್ಕಿನ ಕೆಳಗೆ ನುಸುಳಿದ. ಹೊರಗೆಳೆಯಲು ತೋಳು ಹಿಡಿದರು. ಕಚ್ಚಿದ. ಶಾಲೆಯ ಡೈರಿಯಲ್ಲಿ ದಾಖಲಾಗುವುದು ಕೊನೆಯ ವಾಕ್ಯ ಮಾತ್ರ: ‘ಶಿಕ್ಷಕಿಯನ್ನು ಕಚ್ಚಿದ್ದಾನೆ.’ ಅದಕ್ಕೆ ಮೊದಲು ಎರಡು ಗಂಟೆ ನಡೆದದ್ದು ಯಾರ ಬರಹದಲ್ಲೂ ಇಲ್ಲ. ಕಚ್ಚಿದ್ದು ನಡೆದ ಸಂಗತಿಯೇ, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಅದು ಒಂದು ಸರಪಳಿಯ ಕಡೆಯ ಕೊಂಡಿ. ಹಿಂದಿನ ನಾಲ್ಕು ಕೊಂಡಿಗಳೂ ಶಾಲೆಯ ಕೈಯಲ್ಲಿದ್ದವು: ಧ್ವನಿವರ್ಧಕದಿಂದ ದೂರ ನಿಲ್ಲಿಸಬಹುದಿತ್ತು, ಟೀಚರ್ ರಜೆಯೆಂದು ಮುಂಚೆಯೇ ತಿಳಿಸಬಹುದಿತ್ತು, ಅವನ ಜಾಗವೊಂದನ್ನು ಹಾಗೇ ಬಿಡಬಹುದಿತ್ತು, ಗಟ್ಟಿಯಾಗಿ ಓದಿಸುವ ಬದಲು ಹತ್ತಿರ ಕೂತು ಕೇಳಿಸಿಕೊಳ್ಳಬಹುದಿತ್ತು. ಕಡೆಯ ಕೊಂಡಿಯನ್ನೊಂದೇ ಕಿತ್ತು ಕೈಯಲ್ಲಿ ಹಿಡಿದು ‘ಇದು ಈ ಮಗುವಿನ ಸ್ವಭಾವ’ ಎನ್ನುವುದು ಅರ್ಧ ವಿವರಣೆ.

ಇದು ಬರೀ ಕನಿಕರದ ಮಾತೆಂದು ಯಾರೂ ತಳ್ಳಿಹಾಕಬಾರದು. ಅಮೆರಿಕದ ಮನೋವೈದ್ಯ ಲಿಯೊ ಕ್ಯಾನರ್ 1943ರಲ್ಲಿ ಆಟಿಸಂ ಕುರಿತ ತಮ್ಮ ಮೊದಲ ಪ್ರಬಂಧದಲ್ಲೇ, ಎಲ್ಲವೂ ಇದ್ದ ಹಾಗೆಯೇ ಇರಬೇಕೆಂಬ ಈ ಮಕ್ಕಳ ಹಟದ ಹಿಂದೆ ಆತಂಕವಿರುವುದನ್ನು ಗುರುತಿಸಿದ್ದರು. ಆಟಿಸಂ ಇರುವ ಮಕ್ಕಳು ಮತ್ತು ಹದಿಹರೆಯದವರ ಮೇಲೆ ನಡೆದ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2011ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆಯ ಪ್ರಕಾರ ಅವರಲ್ಲಿ ಸುಮಾರು ಶೇ 40ರಷ್ಟು ಮಂದಿಗೆ ಚಿಕಿತ್ಸೆ ಬೇಕಾದ ಮಟ್ಟದ ಯಾವುದಾದರೊಂದು ಆತಂಕದ ಕಾಯಿಲೆಯೂ ಇರುತ್ತದೆ. ಆತಂಕ ಏರಿದಾಗ ದೇಹ ಅಪಾಯವನ್ನು ಎದುರಿಸಲು ಸಜ್ಜಾಗುತ್ತದೆ. ಎದೆಬಡಿತ ಹೆಚ್ಚುತ್ತದೆ, ಸ್ನಾಯುಗಳು ಬಿಗಿಯುತ್ತವೆ, ಯೋಚಿಸಿ ಮಾತಾಡುವ ಶಕ್ತಿ ಆ ಹೊತ್ತಿಗೆ ಕುಗ್ಗುತ್ತದೆ. ಹೋರಾಡು, ಓಡು ಅಥವಾ ಕಲ್ಲಿನಂತೆ ನಿಂತುಬಿಡು ಎಂಬ ಮೂರೇ ದಾರಿ ಉಳಿಯುತ್ತವೆ. ಇದರಲ್ಲಿ ಮೂರನೆಯ ದಾರಿ ಹಿಡಿದ ಮಗುವಿನ ಬಗ್ಗೆ ಶಾಲೆಯಿಂದ ದೂರೇ ಬರುವುದಿಲ್ಲ. ಅದು ಬಾಯಿ ಬಿಡದೆ, ಶೌಚಾಲಯಕ್ಕೂ ಹೋಗಬೇಕೆಂದು ಕೇಳದೆ ದಿನ ಕಳೆಯುತ್ತದೆ. ಎಲ್ಲರೂ ಅದನ್ನು ‘ತುಂಬಾ ಸೈಲೆಂಟು, ಒಳ್ಳೆ ಮಗು’ ಎನ್ನುತ್ತಾರೆ. ಹೆಣ್ಣುಮಕ್ಕಳು ಹೀಗೆ ಕಣ್ತಪ್ಪಿಹೋಗುವುದು ಇನ್ನೂ ಹೆಚ್ಚು. ಈ ಮೌನ ಮಗುವಿನ ಅಗತ್ಯವೂ ಕಚ್ಚಿದ ಹುಡುಗನ ಅಗತ್ಯದಷ್ಟೇ ಈಡೇರದೆ ಉಳಿದಿದೆ. ತರಗತಿಗೆ ಉಪದ್ರವವಾದಾಗ ಮಾತ್ರ ನಮಗೆ ಮಗುವಿನ ಸಂಕಟ ಕಾಣುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಡ.

ಇಲ್ಲೊಂದು ಆಕ್ಷೇಪ ಬರುತ್ತದೆ. ‘ನಾವು ಅಂಗವೈಕಲ್ಯಕ್ಕಾಗಿ ಮಗುವನ್ನು ಹೊರಗೆ ಕಳಿಸುತ್ತಿಲ್ಲ, ನಡವಳಿಕೆಗಾಗಿ ಕಳಿಸುತ್ತಿದ್ದೇವೆ. ಎಲ್ಲ ಮಕ್ಕಳಿಗೂ ಒಂದೇ ನಿಯಮ.’ ಕೇಳಲು ನ್ಯಾಯವಾಗಿದೆ. ಇಂಗ್ಲೆಂಡಿನಲ್ಲಿ ಇದೇ ವಾದ ನ್ಯಾಯಪೀಠದ ಮುಂದೆ ಬಂದಿತ್ತು. ಅಲ್ಲಿನ 2010ರ ಸಮಾನತಾ ಕಾಯ್ದೆಯಡಿಯ ಒಂದು ನಿಯಮ, ಬೇರೆಯವರ ಮೇಲೆ ಕೈಮಾಡುವ ಪ್ರವೃತ್ತಿಯನ್ನು ಅಂಗವೈಕಲ್ಯದ ರಕ್ಷಣೆಯಿಂದ ಹೊರಗಿಟ್ಟಿತ್ತು. ಆಟಿಸಂ ಮತ್ತು ಆತಂಕವಿದ್ದ ಹನ್ನೊಂದು ವರ್ಷದ ಒಬ್ಬ ಹುಡುಗನನ್ನು ಶಾಲೆ ಒಂದೂವರೆ ದಿನ ಹೊರಗಿಟ್ಟಾಗ ಅವನ ತಂದೆತಾಯಿ ದೂರು ಕೊಟ್ಟರು. 2018ರ ಆಗಸ್ಟ್‌ನಲ್ಲಿ ಮೇಲ್ಮನವಿ ನ್ಯಾಯಮಂಡಳಿ ಆ ನಿಯಮವನ್ನು ಇಂಥ ಶಾಲಾಮಕ್ಕಳಿಗೆ ಅನ್ವಯಿಸುವುದು ಮಾನವ ಹಕ್ಕುಗಳಿಗೆ ವಿರುದ್ಧವೆಂದು ತೀರ್ಪು ಕೊಟ್ಟಿತು. ತೀರ್ಪಿನ ತಿರುಳು ಸರಳ: ಯಾವ ನಡವಳಿಕೆ ಆ ಸ್ಥಿತಿಯಿಂದಲೇ ಹುಟ್ಟುತ್ತದೋ ಅದನ್ನು ಆ ಸ್ಥಿತಿಯಿಂದ ಬೇರ್ಪಡಿಸಿ, ಮಗು ಬೇಕೆಂದೇ ಮಾಡಿದ ತಪ್ಪೆನ್ನುವಂತೆ ನೋಡಲಾಗದು. ಶಾಲೆ ಯಾವ ಕ್ರಮವನ್ನೂ ಕೈಗೊಳ್ಳಬಾರದೆಂದು ಆ ತೀರ್ಪು ಹೇಳಲಿಲ್ಲ. ಕ್ರಮಕ್ಕೆ ಮೊದಲು ಮಗುವಿಗೆ ಬೇಕಾದ ಹೊಂದಾಣಿಕೆ ಮಾಡಿದ್ದಿರೇ, ಈ ಕ್ರಮ ಅನಿವಾರ್ಯವಾಗಿತ್ತೇ ಎಂಬ ಪ್ರಶ್ನೆಗೆ ಶಾಲೆ ಉತ್ತರಿಸಲೇಬೇಕಾಯಿತು. ನಮ್ಮಲ್ಲಿ ಈ ಪ್ರಶ್ನೆಯನ್ನು ಕೇಳುವವರೇ ಇಲ್ಲ. ಕಣ್ಣು ಕಾಣದ ಮಗು ಬೋರ್ಡಿನ ಮೇಲಿನದನ್ನು ಓದಲಿಲ್ಲವೆಂದು ಯಾರೂ ಹೊರಗೆ ನಿಲ್ಲಿಸುವುದಿಲ್ಲ. ಆತಂಕ ಕಣ್ಣಿಗೆ ಬೀಳದ ಕೊರತೆಯಾದ್ದರಿಂದ ಅದನ್ನು ಹಟ, ಮುದ್ದು ಹೆಚ್ಚಾದದ್ದು, ಮನೆಯ ಸಂಸ್ಕಾರದ ದೋಷ ಎಂದೆಲ್ಲ ಓದುತ್ತೇವೆ.

ಈಗ ಎರಡನೇ ಹೇಳಿಕೆ. ಹೊರಗೆ ಕಳಿಸಿದರೆ ತೊಂದರೆ ಕಡಿಮೆಯಾಗುತ್ತದೆಯೇ? ಆ ದಿನದ ಮಟ್ಟಿಗೆ, ಆ ತರಗತಿಗೆ, ಹೌದು. ಮಗುವಿಗೆ ಏನಾಗುತ್ತದೆಂದು ನೋಡಿದರೆ ಉತ್ತರ ತಿರುಗುಮುರುಗಾಗುತ್ತದೆ. ಶಾಲೆಯ ಭಯವಿರುವ ಮಗುವಿಗೆ ಮನೆಗೆ ಹೋಗುವುದಕ್ಕಿಂತ ದೊಡ್ಡ ಬಿಡುಗಡೆ ಇಲ್ಲ. ಕಿರುಚಿದೆ, ಮನೆಗೆ ಕಳಿಸಿದರು, ಎದೆಬಡಿತ ಇಳಿಯಿತು. ಮುಂದಿನ ಸಲ ಅದೇ ಭಯ ಬಂದಾಗ ದೇಹ ಅದೇ ದಾರಿ ಹಿಡಿಯುತ್ತದೆ. ತಪ್ಪಿಸಿಕೊಂಡಷ್ಟೂ ಭಯ ಬೇರು ಬಿಡುತ್ತದೆ ಎಂಬುದು ಆತಂಕದ ಚಿಕಿತ್ಸೆಯ ಅತಿ ಹಳೆಯ ಪಾಠಗಳಲ್ಲೊಂದು. ಅಂದರೆ ಶಿಕ್ಷೆಯೆಂದುಕೊಂಡು ಶಾಲೆ ಕೊಟ್ಟದ್ದು ಬಹುಮಾನ. ಇನ್ನೊಂದು ಸಾಧ್ಯತೆಯೂ ಇದೆ: ಕಷ್ಟವಾದರೂ ಶಾಲೆಯೆಂದರೆ ಇಷ್ಟಪಡುವ, ಗೆಳೆಯನೊಬ್ಬನಿಗಾಗಿ ಹಂಬಲಿಸುವ ಮಗು. ಅದಕ್ಕೆ ಮನೆಗೆ ಕಳಿಸುವುದು ನಿಜವಾಗಿಯೂ ಶಿಕ್ಷೆ. ಆದರೆ ಅದರಿಂದ ಅದು ಕಲಿಯುವುದೇನು? ‘ನಾನು ಇಲ್ಲಿಯವನಲ್ಲ, ಯಾವಾಗ ಬೇಕಾದರೂ ಹೊರಗೆ ಹಾಕುತ್ತಾರೆ’ ಎಂಬುದನ್ನು. ನಾಳೆ ಅದು ಇನ್ನಷ್ಟು ಹೆದರಿಕೊಂಡೇ ಬರುತ್ತದೆ, ಹೆದರಿದ ಮಗು ಬೇಗ ಸಿಡಿಯುತ್ತದೆ. ಎರಡರಲ್ಲಿ ಯಾವುದು ನಿಜವಾದರೂ ಹೊರಗೆ ಕಳಿಸುವ ಕ್ರಮ ತಾನು ತಡೆಯಹೊರಟ ನಡವಳಿಕೆಯನ್ನೇ ಸಾಕಿ ಬೆಳೆಸುತ್ತದೆ. ಮೂರನೆಯ ಸಾಧ್ಯತೆಯೊಂದಿದೆ, ಅದನ್ನೂ ಒಪ್ಪುತ್ತೇನೆ: ತೀರಾ ಬಳಲಿದ ಮಗುವಿಗೆ ಕೆಲವು ದಿನದ ವಿಶ್ರಾಂತಿ ಬೇಕಾಗಬಹುದು. ಆದರೆ ವೈದ್ಯರೂ ಮನೆಯವರೂ ಶಾಲೆಯೂ ಕೂತು, ಮರಳುವ ದಿನ ಮತ್ತು ಮರಳುವ ಬಗೆಯನ್ನು ಮೊದಲೇ ಗೊತ್ತುಮಾಡಿ ಕೊಡುವ ವಿಶ್ರಾಂತಿ ಬೇರೆ. ‘ಸರಿಹೋದ ಮೇಲೆ ಕರೆತನ್ನಿ’ ಎಂದು ಬಾಗಿಲು ಹಾಕುವುದು ಬೇರೆ. ಮನೆಯಲ್ಲಿ ಕೂತ ಮಗು ಶಾಲೆಗೆ ಹೊಂದಿಕೊಳ್ಳುವುದನ್ನು ಕಲಿಯುವುದಾದರೂ ಹೇಗೆ?

ಮೂರನೆಯ ಹೇಳಿಕೆಯಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕು, ಏಕೆಂದರೆ ತಂದೆತಾಯಿ ಸೋಲುವುದು ಇಲ್ಲಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ 16ನೇ ಸೆಕ್ಷನ್ ಪ್ರಕಾರ ಪ್ರಾಥಮಿಕ ಶಿಕ್ಷಣ, ಅಂದರೆ ಎಂಟನೇ ತರಗತಿ, ಮುಗಿಯುವವರೆಗೆ ಯಾವ ಮಗುವನ್ನೂ ಶಾಲೆಯಿಂದ ಹೊರಹಾಕುವಂತಿಲ್ಲ. 2019ರ ತಿದ್ದುಪಡಿ ಐದು ಮತ್ತು ಎಂಟನೇ ತರಗತಿಗಳಲ್ಲಿ ಅನುತ್ತೀರ್ಣಗೊಳಿಸಲು ಅವಕಾಶ ಕೊಟ್ಟಿತೇ ಹೊರತು ಹೊರಹಾಕುವುದಕ್ಕಿದ್ದ ತಡೆಯನ್ನು ತೆಗೆಯಲಿಲ್ಲ. 17ನೇ ಸೆಕ್ಷನ್ ದೈಹಿಕ ಶಿಕ್ಷೆಯ ಜತೆಗೆ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. 2014ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಅಲ್ಪಸಂಖ್ಯಾತರ ಶಿಕ್ಷಣ ಸಂಸ್ಥೆಗಳು ಈ ಕಾಯ್ದೆಯ ವ್ಯಾಪ್ತಿಯಿಂದ ಹೊರಗಿವೆ ಎಂಬುದು ನಿಜ. ಆದರೆ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 16ನೇ ಸೆಕ್ಷನ್ ಸರ್ಕಾರದ ಹಣ ಪಡೆಯುವ ಸಂಸ್ಥೆಗಳನ್ನಷ್ಟೇ ಅಲ್ಲ, ಸರ್ಕಾರದ ಮಾನ್ಯತೆ ಪಡೆದ ಎಲ್ಲ ಶಿಕ್ಷಣ ಸಂಸ್ಥೆಗಳನ್ನೂ ಒಳಗೊಳ್ಳುತ್ತದೆ. ತಾರತಮ್ಯವಿಲ್ಲದೆ ಸೇರಿಸಿಕೊಳ್ಳುವುದು, ಆಯಾ ಮಗುವಿಗೆ ಬೇಕಾದ ಹೊಂದಾಣಿಕೆ ಮಾಡುವುದು ಅದರಲ್ಲಿ ಹೆಸರಿಸಿದ ಕರ್ತವ್ಯಗಳು. ಆ ಕಾಯ್ದೆ ಗುರುತಿಸಿದ 21 ಬಗೆಯ ವೈಕಲ್ಯಗಳಲ್ಲಿ ಆಟಿಸಂ, ನಿರ್ದಿಷ್ಟ ಕಲಿಕಾ ನ್ಯೂನತೆ, ಮಾನಸಿಕ ಅಸ್ವಾಸ್ಥ್ಯ ಮೂರೂ ಇವೆ. ಪ್ರಮಾಣಪತ್ರದಲ್ಲಿ ಶೇ 40 ಬರದಿದ್ದರೆ ಯಾವ ಹಕ್ಕೂ ಇಲ್ಲವೆಂದು ಅನೇಕರು ತಿಳಿದಿದ್ದಾರೆ. ಉಚಿತ ಶಿಕ್ಷಣವನ್ನು 18 ವರ್ಷದವರೆಗೆ ವಿಸ್ತರಿಸುವಂಥ ಕೆಲವು ಸೌಲಭ್ಯಗಳಿಗೆ ಮಾತ್ರ ಆ ಮಿತಿ. ತಾರತಮ್ಯ ಮಾಡಬಾರದೆಂಬ ಮೂಲ ನಿಯಮಕ್ಕೆ ಅಂಥ ಶೇಕಡಾವಾರು ಲೆಕ್ಕವಿಲ್ಲ.

ಹೊರಹಾಕುವುದನ್ನು ಕಾನೂನು ತಡೆದಿರುವುದರಿಂದಲೇ ಹೊರಹಾಕುವಿಕೆ ಹೆಸರಿಲ್ಲದ ರೂಪಗಳನ್ನು ತಾಳಿದೆ. ‘ಮಧ್ಯಾಹ್ನದವರೆಗೆ ಮಾತ್ರ ಇರಲಿ’ ಎಂದು ಅರ್ಧ ದಿನಕ್ಕೆ ಇಳಿಸುತ್ತಾರೆ. ಶಾಲಾ ವಾರ್ಷಿಕೋತ್ಸವ, ಪ್ರವಾಸ, ತಪಾಸಣೆಯ ದಿನ ಕರೆತರಬೇಡಿ ಎನ್ನುತ್ತಾರೆ. ತಿಂಗಳಿಗೆ ಸಾವಿರಾರು ರೂಪಾಯಿ ಕೊಟ್ಟು ಮಗುವಿನ ಜತೆಗೇ ಇದ್ದು ನೋಡಿಕೊಳ್ಳುವ ಶ್ಯಾಡೋ ಟೀಚರ್ ಒಬ್ಬರನ್ನು ನೀವೇ ಇಟ್ಟರೆ ಮಾತ್ರ ತರಗತಿಗೆ ಪ್ರವೇಶ ಎನ್ನುತ್ತಾರೆ. ಆಕೆ ರಜೆ ಹಾಕಿದ ದಿನ ಮಗುವಿಗೂ ರಜೆ. ದಿನಕ್ಕೊಂದು ಸಲ ಫೋನ್ ಮಾಡಿ ‘ಬಂದು ಕರೆದುಕೊಂಡು ಹೋಗಿ’ ಎನ್ನುತ್ತಾರೆ, ಕೊನೆಗೆ ತಾಯಿ ಕೆಲಸ ಬಿಡುತ್ತಾಳೆ. ಇಷ್ಟಾದ ಮೇಲೆ ದಣಿದ ಪೋಷಕರ ಮುಂದೆ ಟಿಸಿ ಅರ್ಜಿ ಬರುತ್ತದೆ, ಅದರಲ್ಲಿ ‘ಸ್ವಂತ ಕಾರಣದಿಂದ’ ಎಂದು ಬರೆಸಿ ಸಹಿ ಹಾಕಿಸಿಕೊಳ್ಳುತ್ತಾರೆ. ದಾಖಲೆ ನೋಡಿದರೆ ಈ ಮಗುವನ್ನು ಯಾರೂ ಹೊರಹಾಕಿಲ್ಲ. ಶಿಕ್ಷಣ ಇಲಾಖೆಯ ಯಾವ ಅಂಕಿಅಂಶದಲ್ಲೂ ಅದು ಕಾಣುವುದಿಲ್ಲ. ಈ ಇಡೀ ವಿಷಯದಲ್ಲಿ ನನಗೆ ಅತ್ಯಂತ ಗಂಭೀರವಾಗಿ ತೋರುವುದು ಇದೇ. ಅಧಿಕಾರ ಇದೆಯೆಂದು ಶಾಲೆ ನಿಜವಾಗಿ ನಂಬಿದ್ದರೆ ಕಾರಣವನ್ನು ಬರೆದುಕೊಡಲು ಹಿಂಜರಿಯಬೇಕಾಗಿರಲಿಲ್ಲ.

ಇನ್ನು ಉಳಿದ ಆಕ್ಷೇಪಗಳು. ಉಳಿದ ಮಕ್ಕಳ ಸುರಕ್ಷತೆಯ ಪ್ರಶ್ನೆ ಎಲ್ಲಕ್ಕಿಂತ ತೂಕದ್ದು. ಪೆಟ್ಟು ತಿಂದ ಮಗುವಿನ ತಾಯಿಗೆ ಕಾರಣಗಳ ಸರಪಳಿಯನ್ನು ವಿವರಿಸುತ್ತ ಕೂರುವುದು ಸಾಧ್ಯವಿಲ್ಲ, ಆಕೆಯ ಸಿಟ್ಟು ನ್ಯಾಯವಾದದ್ದು. ಆದರೆ ಇಲ್ಲಿ ಎರಡು ಕಾಲಗಳನ್ನು ಬೇರೆಮಾಡಿ ನೋಡಬೇಕು. ಆ ಕ್ಷಣದ ಸುರಕ್ಷತೆಗೆ ಮಗುವನ್ನು ಪರಿಚಿತ ವ್ಯಕ್ತಿಯೊಬ್ಬರು ಶಾಂತವಾದ ಜಾಗಕ್ಕೆ ಕರೆದೊಯ್ಯುವುದು, ಇಲ್ಲವೇ ಉಳಿದ ಮಕ್ಕಳನ್ನೇ ಹತ್ತು ನಿಮಿಷ ಹೊರಗೆ ಕರೆದೊಯ್ಯುವುದು ಸರಿಯಾದ ಕ್ರಮ. ಕೋಣೆಯಲ್ಲಿ ಕೂಡಿಹಾಕುವುದು ಮಾತ್ರ ಯಾವ ಕಾರಣಕ್ಕೂ ಸಲ್ಲದು. ಮುಂದಿನ ತಿಂಗಳುಗಳ ಸುರಕ್ಷತೆಗೆ ಬೇಕಾದದ್ದು ಆ ಸರಪಳಿಯನ್ನು ಮೊದಲ ಕೊಂಡಿಯಲ್ಲೇ ತುಂಡರಿಸುವ ಕೆಲಸ. ಅದನ್ನು ಮಾಡದೆ ಮಗುವನ್ನು ಮಾತ್ರ ತೆಗೆದರೆ ಮುಂದಿನ ವರ್ಷ ಅದೇ ಧ್ವನಿವರ್ಧಕ, ಅದೇ ಗದರಿಕೆಗೆ ಸಿಡಿಯುವ ಇನ್ನೊಂದು ಮಗು ಸೇರಿರುತ್ತದೆ.

ಶಿಕ್ಷಕಿಯ ಹೊರೆಯ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ. ಬಿ.ಎಡ್. ಓದಿನಲ್ಲಿ ಸಮನ್ವಯ ಶಿಕ್ಷಣದ ಒಂದು ಪತ್ರಿಕೆ ಓದಿ ಪರೀಕ್ಷೆ ಬರೆದವರಿಗೆ, ತರಗತಿಯಲ್ಲಿ ಮಗು ಡೆಸ್ಕಿನ ಕೆಳಗೆ ಸೇರಿಕೊಂಡಾಗ ಏನು ಮಾಡಬೇಕೆಂದು ಯಾರೂ ತೋರಿಸಿಕೊಟ್ಟಿರುವುದಿಲ್ಲ. ಸರ್ಕಾರಿ ಶಾಲೆಗಳಿಗೆ ಬ್ಲಾಕ್ ಮಟ್ಟದಲ್ಲಿ ಸಂಪನ್ಮೂಲ ಶಿಕ್ಷಕರಿದ್ದಾರೆ. ಆದರೆ ಒಬ್ಬೊಬ್ಬರ ಪಾಲಿಗೆ ಬರುವ ಶಾಲೆಗಳ ಸಂಖ್ಯೆ ನೋಡಿದರೆ ಒಂದು ಮಗುವಿನ ಬಳಿ ನೆಲೆನಿಂತು ಕೆಲಸ ಮಾಡುವುದು ಅವರಿಗೆ ಸಾಧ್ಯವಾಗದ ಮಾತು. ಸುಪ್ರೀಂ ಕೋರ್ಟ್ 2021ರಲ್ಲಿ ರಜನೀಶ್ ಕುಮಾರ್ ಪಾಂಡೆ ಪ್ರಕರಣದಲ್ಲಿ ಮಧ್ಯಪ್ರವೇಶಿಸಿದ ಮೇಲೆ, 2022ರಲ್ಲಿ ಕೇಂದ್ರ ಸರ್ಕಾರ ಅನುಪಾತವನ್ನು ನಿಗದಿಮಾಡಿತು: ಒಂದರಿಂದ ಐದನೇ ತರಗತಿವರೆಗೆ ವಿಶೇಷ ಅಗತ್ಯವಿರುವ 10 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರು, ಆರರಿಂದ ಎಂಟರವರೆಗೆ 15 ಮಕ್ಕಳಿಗೆ ಒಬ್ಬರು. ಹಾಗಿರುವಾಗ ಶಿಕ್ಷಕಿಯ ಅಸಹಾಯಕತೆಯ ದೂರು ಹೋಗಬೇಕಾದ ವಿಳಾಸ ಶಾಲಾ ಆಡಳಿತ ಮಂಡಳಿಯದು, ಸರ್ಕಾರದ್ದು. ಅದನ್ನು ಎಂಟು ವರ್ಷದ ಹುಡುಗನ ಮೇಲೆ ತೀರಿಸಿಕೊಳ್ಳಲು ಯಾವ ತರ್ಕವೂ ಒಪ್ಪುವುದಿಲ್ಲ. ಇಷ್ಟಕ್ಕೂ ಮೇಲೆ ಹೇಳಿದ ನಾಲ್ಕು ಬದಲಾವಣೆಗಳಲ್ಲಿ ಒಂದಕ್ಕೂ ಹಣ ಬೇಕಿರಲಿಲ್ಲ.

‘ವಿಶೇಷ ಶಾಲೆಗೆ ಸೇರಿಸಿ’ ಎಂಬ ಸಲಹೆಯನ್ನು ತತ್ವದ ಮೇಲೆ ನಾನು ವಿರೋಧಿಸುವುದಿಲ್ಲ. ಕೆಲವು ಮಕ್ಕಳಿಗೆ ಅದೇ ಒಳ್ಳೆಯ ಜಾಗ. ಆದರೆ 2016ರ ಕಾಯ್ದೆಯ 31ನೇ ಸೆಕ್ಷನ್ ನೆರೆಯ ಶಾಲೆಯೋ ವಿಶೇಷ ಶಾಲೆಯೋ ಎಂಬ ಆಯ್ಕೆಯನ್ನು ಮಗುವಿನ ಕಡೆಗೆ ಬಿಟ್ಟಿದೆ, ಶಾಲೆಯ ಕಡೆಗೆ ಬಿಟ್ಟಿಲ್ಲ. ಅಲ್ಲದೆ ನಮ್ಮ ವಿಶೇಷ ಶಾಲೆಗಳು ಬಹುಪಾಲು ದೃಷ್ಟಿದೋಷ, ಶ್ರವಣದೋಷ ಅಥವಾ ಬುದ್ಧಿಮಾಂದ್ಯತೆಯ ಮಕ್ಕಳಿಗಾಗಿ ಕಟ್ಟಿದವು. ಲೆಕ್ಕದಲ್ಲಿ ತರಗತಿಗಿಂತ ಮುಂದಿರುವ, ಆದರೆ ಗದ್ದಲಕ್ಕೆ ನಡುಗುವ ಹುಡುಗನಿಗೆ ಹೊಂದುವ ಶಾಲೆ ಅವನ ತಾಲ್ಲೂಕಿನಲ್ಲಿ ಸಿಗುವುದು ಅಪರೂಪ. ಇಲ್ಲದ ಶಾಲೆಯ ಹೆಸರು ಹೇಳಿ ಇರುವ ಶಾಲೆಯಿಂದ ಕಳಿಸಿದರೆ ಅವನು ಹೋಗಿ ಸೇರುವುದು ಮನೆಯನ್ನು.

ಇನ್ನೊಂದು ಆಕ್ಷೇಪ ಎದುರು ದಿಕ್ಕಿನಿಂದ ಬರುತ್ತದೆ, ಅದು ಹೆಚ್ಚು ಸೂಕ್ಷ್ಮವಾದದ್ದು. ತಪ್ಪಿಸಿಕೊಂಡಷ್ಟೂ ಭಯ ಬೇರು ಬಿಡುತ್ತದೆಂದು ನೀವೇ ಹೇಳಿದಿರಿ. ಹಾಗಾದರೆ ಪ್ರಾರ್ಥನೆಯಿಂದ ದೂರ ನಿಲ್ಲಿಸುವುದು, ಗಟ್ಟಿಯಾಗಿ ಓದಿಸದಿರುವುದು ಕೂಡ ತಪ್ಪಿಸಿಕೊಳ್ಳುವಿಕೆಯಲ್ಲವೇ? ಹೌದು, ಅಲ್ಲಿಗೇ ನಿಲ್ಲಿಸಿದರೆ. ಮಗುವಿನ ಭಯಕ್ಕೆ ಸಿಕ್ಕ ಎಲ್ಲವನ್ನೂ ಅದರ ದಾರಿಯಿಂದ ಖಾಯಂ ಆಗಿ ತೆಗೆದುಹಾಕುವ ಪೋಷಕರೂ, ಪ್ರೀತಿಯಿಂದಲೇ ಆದರೂ, ಭಯಕ್ಕೆ ನೆಲೆ ಕೊಡುತ್ತಾರೆ. ಹೊಂದಾಣಿಕೆಗೆ ಒಂದು ದಿಕ್ಕಿರಬೇಕು. ಈ ವಾರ ಪ್ರಾರ್ಥನೆಯ ಹೊತ್ತಿಗೆ ಗ್ರಂಥಾಲಯದಲ್ಲಿ, ಮುಂದಿನ ವಾರ ಅಂಗಳದ ಅಂಚಿನಲ್ಲಿ ಗೆಳೆಯನ ಜತೆ, ಆಮೇಲೆ ಸಾಲಿನ ಕೊನೆಯಲ್ಲಿ. ಎಷ್ಟು ಬೇಗ ಎಂಬುದನ್ನು ಮಗುವಿನ ಉಸಿರಾಟ ತೀರ್ಮಾನಿಸಬೇಕೇ ಹೊರತು ಕ್ಯಾಲೆಂಡರ್ ಅಲ್ಲ. ಆದರೆ ಕೆಲವು ಸಂಗತಿಗಳು ಕೊನೆಯವರೆಗೂ ಅಭ್ಯಾಸದಿಂದ ಸರಿಹೋಗುವುದಿಲ್ಲ. ಸದ್ದು ಕಿವಿಗೆ ನೋವೇ ಆಗುವ ಮಗುವಿಗೆ ಧೈರ್ಯ ಕಲಿಸಿ ಪ್ರಯೋಜನವಿಲ್ಲ, ಅದನ್ನು ಸದ್ದಿನಿಂದ ದೂರವಿಡಬೇಕು. ಭಯ ಯಾವುದು, ನೋವು ಯಾವುದು ಎಂದು ಬೇರ್ಪಡಿಸಲು ಶಾಲೆ ಮಗುವನ್ನು ವಾರಗಟ್ಟಲೆ ಗಮನಿಸಬೇಕು. ಮಗು ಶಾಲೆಯಲ್ಲಿದ್ದರೆ ಮಾತ್ರ ಆ ಕೆಲಸ ಸಾಧ್ಯ.

ಒಬ್ಬರಿಗೆ ವಿನಾಯಿತಿ ಕೊಟ್ಟರೆ ಉಳಿದವರಿಗೆ ಅನ್ಯಾಯವೆಂಬ ಮಾತಿಗೆ ಹೆಚ್ಚು ಹೊತ್ತು ಕೊಡಬೇಕಿಲ್ಲ. ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಕಲಿಕಾ ನ್ಯೂನತೆ ಇರುವವರಿಗೆ ಹೆಚ್ಚುವರಿ ಸಮಯ, ಬರೆದುಕೊಡುವ ಸಹಾಯಕರು, ಭಾಷಾ ವಿನಾಯಿತಿ ಎಲ್ಲವನ್ನೂ ನಮ್ಮ ರಾಜ್ಯ ಹಲವು ವರ್ಷಗಳಿಂದ ಕೊಡುತ್ತಿದೆ. ಹತ್ತನೇ ತರಗತಿಯ ಕೊಠಡಿಯಲ್ಲಿ ನ್ಯಾಯವೆನಿಸಿದ್ದು ಮೂರನೇ ತರಗತಿಯಲ್ಲಿ ಪಕ್ಷಪಾತವಾಗಲಾರದು. ಸೇರಿಸುವಾಗ ಪೋಷಕರು ವಿಷಯ ಮುಚ್ಚಿಟ್ಟರೆಂಬ ದೂರೂ ಅನೇಕ ಸಲ ನಿಜ. ಆದರೆ ಹೇಳಿದವರಿಗೆ ಸೀಟು ಸಿಗುವುದಿಲ್ಲವೆಂದು ಗೊತ್ತಿದ್ದೂ ಹೇಳಬೇಕೆಂದು ನಿರೀಕ್ಷಿಸುವುದು ಹೇಗೆ? ಮಗುವನ್ನು ಸೇರಿಸಿಕೊಳ್ಳಲು ಪರೀಕ್ಷೆ, ಸಂದರ್ಶನ ನಡೆಸುವುದನ್ನೇ ಶಿಕ್ಷಣ ಹಕ್ಕು ಕಾಯ್ದೆಯ 13ನೇ ಸೆಕ್ಷನ್ ನಿಷೇಧಿಸಿದೆ. ಹೇಳಿದವರನ್ನು ಉಳಿಸಿಕೊಳ್ಳುವ ಶಾಲೆಗೆ ಪೋಷಕರು ತಾವಾಗಿಯೇ ಹೇಳುತ್ತಾರೆ.

ಇಷ್ಟರಿಂದ ಹೊರಡುವ ಬೇಡಿಕೆ ದೊಡ್ಡದಲ್ಲ. ‘ಈ ಮಗು ಇಲ್ಲಿ ಸಾಧ್ಯವಿಲ್ಲ’ ಎನ್ನುವ ಶಾಲೆ ಅದಕ್ಕೆ ಮೊದಲು ಮೂರು ವಿಷಯಗಳನ್ನು ಕಾಗದದ ಮೇಲೆ ತೋರಿಸಬೇಕು: ಪ್ರತಿಯೊಂದು ಘಟನೆಗೆ ಮೊದಲು ಏನೇನು ನಡೆದಿತ್ತು, ಅದನ್ನು ನೋಡಿ ಶಾಲೆ ಏನನ್ನು ಬದಲಿಸಿತು, ಆ ಬದಲಾವಣೆಯನ್ನು ಎಷ್ಟು ಕಾಲ ನಡೆಸಿ ನೋಡಿತು. ಮೂರಕ್ಕೂ ಉತ್ತರವಿಲ್ಲದ ಕಡೆ ಆ ತೀರ್ಮಾನವನ್ನು ಯಾರೂ ಒಪ್ಪಬಾರದು. ಪೋಷಕರಲ್ಲಿ ನನ್ನ ಮನವಿ ಇಷ್ಟೇ: ಎಷ್ಟೇ ದಣಿದಿದ್ದರೂ ‘ಸ್ವಂತ ಕಾರಣ’ ಎಂದಿರುವ ಟಿಸಿ ಅರ್ಜಿಗೆ ಸಹಿ ಹಾಕಬೇಡಿ. ಅರ್ಧ ದಿನಕ್ಕೆ ಇಳಿಸಿದರೆ, ಮನೆಗೆ ಕಳಿಸಿದರೆ, ದಿನಾಂಕ ಹಾಕಿ ಕಾರಣವನ್ನು ಬರೆದುಕೊಡಿ ಎಂದು ಕೇಳಿ. ಕೊಡದಿದ್ದರೆ ನೀವೇ ಬರೆದು ಶಾಲೆಗೆ ಸಲ್ಲಿಸಿ, ಒಂದು ಪ್ರತಿಯನ್ನು ಕ್ಷೇತ್ರ ಶಿಕ್ಷಣಾಧಿಕಾರಿಗೆ ಕೊಡಿ. ಅಲ್ಲಿಯೂ ಆಗದಿದ್ದರೆ ಅಂಗವಿಕಲರ ಹಕ್ಕುಗಳ ರಾಜ್ಯ ಆಯುಕ್ತರಿಗೆ ದೂರು ಕೊಡಿ. ಅದನ್ನು ವಿಚಾರಣೆ ಮಾಡುವ ಅಧಿಕಾರವನ್ನು 2016ರ ಕಾಯ್ದೆಯ 80ನೇ ಸೆಕ್ಷನ್ ಅವರಿಗೆ ಕೊಟ್ಟಿದೆ.